ಅಜ್ಜನ ಗಾಳದ ಕೋಲು, ಪಾಲಿಶ್‌ನವರ ಸ್ಯಾಂಡ್‌ಪೇಪರ್

ಪ್ರಶ್ನೆ: ನಮ್ಮಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಊರು ಬಿಟ್ಟು ಹೋದ ಅವರ ಸಾಹೇಬರೊಬ್ಬರು ತಮ್ಮ ಗಾಳದ ಕೋಲನ್ನು ಅಜ್ಜನಿಗೆ ಕೊಟ್ಟು ಹೋಗಿದ್ದರಂತೆ. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿತು. ಮೂರು ಮೂರು ಅಡಿಯ ಮೂರು ತುಂಡು, ಮೇಲೊಂದು ಹೆಚ್ಚುವರಿ ತುದಿ. ದಾರ ಎಲ್ಲ ಬಿಚ್ಚಿಹೋಗಿದೆ, ವಾರ್ನಿಷ್ ಸಿಪ್ಪೆ ಎದ್ದಿದೆ, ಕೆಳಗಿನ ಎರಡು ತುಂಡು ಒಂದಕ್ಕೊಂದು ಕಚ್ಚಿಕೊಂಡಿವೆ, ಒಂದು ತುದಿ ಎರಡು ಇಂಚು ಮುರಿದಿದೆ. ಇದು ಫ್ಲೈ ಫಿಶಿಂಗ್ ಕೋಲು, ಅಂದರೆ ಹುಳದ ವೇಷದ ಕೊಕ್ಕೆ ಎಸೆದು ಮೀನು ಹಿಡಿಯುವ ಕೋಲು ಅಂತ ಪರಿಚಯದವರೊಬ್ಬರು ಹೇಳಿದರು. ಫರ್ನಿಚರ್ ಪಾಲಿಶ್ ಮಾಡುವವರು ‘ಸ್ಯಾಂಡ್‌ಪೇಪರ್ ಹೊಡೆದು ಹೊಸದರ ಹಾಗೆ ಮಾಡಿಕೊಡ್ತೀನಿ’ ಅಂದಿದ್ದಾರೆ. ಕೊಡಲಾ?
— ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಕೊಡಬೇಡಿ. ಕೊಟ್ಟಿದ್ದರೆ ಈ ಪತ್ರಿಕೆ ಮಡಚಿಟ್ಟು ಈಗಲೇ ಹೋಗಿ ವಾಪಸ್ ತನ್ನಿ. ಪಾಲಿಶ್‌ನವರ ಮೇಲೆ ನನಗೇನೂ ಸಿಟ್ಟಿಲ್ಲ, ನಮ್ಮ ಮನೆ ಬಾಗಿಲಿಗೆಲ್ಲ ಅವರೇ ಬೇಕು. ಆದರೆ ಈ ಕೋಲಿನ ಜೀವ ಇರುವುದು ಅದರ ಚರ್ಮದಲ್ಲಿ, ಅವರು ಮೊದಲು ತೆಗೆಯುವುದೂ ಅದನ್ನೇ.

ಒಂದು ತುಂಡನ್ನು ಬೆರಳ ನಡುವೆ ಮೆಲ್ಲಗೆ ಉರುಳಿಸಿ ನೋಡಿ. ಪೆನ್ಸಿಲ್ ಹಾಗೆ ಆರು ಮಗ್ಗುಲು ಸಿಕ್ಕಿದರೆ ಅದು ಸೀಳು ಬಿದಿರಿನ ಕೋಲು. ದುಂಡಗೆ, ಗಟ್ಟಿಯಾಗಿ, ಕಪ್ಪು ಕಂದು ಬಣ್ಣ ಇದ್ದರೆ ಗ್ರೀನ್‌ಹಾರ್ಟ್ ಅನ್ನುವ ದಕ್ಷಿಣ ಅಮೆರಿಕದ ಮರದ್ದಿರಬಹುದು. ದುಂಡಗೆ ಇದ್ದು ಒಳಗೆ ಟೊಳ್ಳಾಗಿದ್ದರೆ ಫೈಬರ್‌ಗ್ಲಾಸ್, ಆಗ ಸಾಹೇಬರ ಕಥೆಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ, ಯಾಕೆಂದರೆ ಅದು ಮಾರುಕಟ್ಟೆಗೆ ಬಂದದ್ದು ಆಮೇಲೆ. ನಿಮ್ಮದು ಬಿದಿರಿನದೇ ಅಂದುಕೊಂಡು ಮುಂದೆ ಹೇಳುತ್ತೇನೆ.

ಬಿದಿರು ಅಂದ ಕೂಡಲೇ ನಮ್ಮ ಮೇದಾರರ ಅಂಗಡಿಯ ಗಳ ನೆನಪಾಗುತ್ತದೆ ಅಲ್ವಾ, ಇದು ಅದಲ್ಲ. ಚೀನಾದ ಗುವಾಂಗ್‌ಡಾಂಗ್ ಕಡೆ ಬೆಳೆಯುವ ಟೊಂಕಿನ್ ಬಿದಿರು. ಅದನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ 60 ಡಿಗ್ರಿಯ ತ್ರಿಕೋನವಾಗಿ ಹತ್ರಿ ಹೊಡೆದು, ಆರು ಸೀಳು ಸೇರಿಸಿ ಅಂಟು ಹಾಕಿರುತ್ತಾರೆ. ಗಟ್ಟಿ ನಾರು ಇರುವುದು ಬಿದಿರಿನ ಹೊರ ಸಿಪ್ಪೆಯ ಕೆಳಗೆ ತೆಳುವಾಗಿ ಅಷ್ಟೆ. ಬುಡದಿಂದ ತುದಿಗೆ ಎಷ್ಟೆಷ್ಟು ಸಣ್ಣಗಾಗಬೇಕು ಅನ್ನುವುದನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆದು ಮಾಡಿರುತ್ತಾರೆ. ಅದರ ಮೇಲೆ ಸ್ಯಾಂಡ್‌ಪೇಪರ್ ಉಜ್ಜಿದರೆ ಹೊಳಪು ಬರುತ್ತದೆ, ಕೋಲು ಹೋಗುತ್ತದೆ.

ಹಿಡಿಕೆಯ ಮೇಲ್ಗಡೆ ಮತ್ತು ರೀಲು ಕೂರುವ ಲೋಹದ ಮೇಲೆ ಬರಹ ಏನಾದರೂ ಇದೆಯಾ ಹುಡುಕಿ. ಹಾರ್ಡಿ ಅಂತ ಇದ್ದರೆ ಅದು ಇಂಗ್ಲೆಂಡಿನ ಆನಿಕ್ ಊರಿನಲ್ಲಿ 1872ರಲ್ಲಿ ಶುರುವಾದ ಕಂಪನಿ, ತಮ್ಮ ಸೀಳು ಬಿದಿರಿಗೆ ಅವರು ಇಟ್ಟ ಹೆಸರು ಪಾಲಕೋನಾ. ಶಾಯಿಯಲ್ಲಿ ಬರೆದ ಅಕ್ಷರ ಇದ್ದರೆ ಆ ಮೂರು ನಾಲ್ಕು ಇಂಚಿನ ವಾರ್ನಿಷ್ ಎಷ್ಟೇ ಕೆಟ್ಟಿರಲಿ, ಮುಟ್ಟಬೇಡಿ. ವಾರ್ನಿಷ್ ಜೊತೆ ಅಕ್ಷರವೂ ಬರುತ್ತದೆ. ಹೆಸರೇ ಇಲ್ಲದಿದ್ದರೆ ಬೇಜಾರಾಗಬೇಡಿ, ಆ ಕಾಲದ ಕೋಲುಗಳಲ್ಲಿ ಸಾಧಾರಣದವೇ ಜಾಸ್ತಿ. ಮಾರಿದರೆ ಎಷ್ಟು ಬರುತ್ತದೆ ಅಂತ ನೀವು ಕೇಳಲಿಲ್ಲ, ಅದಕ್ಕೇ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ.

ಈಗ ಕಚ್ಚಿಕೊಂಡ ಜೋಡಣೆ. ಅದು ಒಂದರೊಳಗೊಂದು ಕೂರುವ ಲೋಹದ ಕೊಳವೆ, ಹಿತ್ತಾಳೆಯದು ಇಲ್ಲವೇ ಜರ್ಮನ್ ಸಿಲ್ವರಿನದು. ಇಕ್ಕಳ ಹಾಕಿ ತಿರುಚಲೇಬೇಡಿ. ಲೋಹ ತಿರುಗುವುದಿಲ್ಲ, ಒಳಗಿನ ಬಿದಿರು ತಿರುಚಿಕೊಂಡು ಸೀಳುತ್ತದೆ. ಕೂಡಿಕೊಂಡ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಒಂದೇ ಹನಿ ಬಿಟ್ಟು ರಾತ್ರಿ ಹಾಗೇ ಇಡಿ. ಬೆಳಿಗ್ಗೆ ಒಳಗೆ ಹೋಗಿರುವ ಕಡೆಯ ಲೋಹಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಐಸ್ ಹಿಡಿಯಿರಿ. ಆಮೇಲೆ ಇಬ್ಬರು ಎದುರುಬದುರು ನಿಂತು, ಇಬ್ಬರೂ ಒಂದು ಕೈ ಜೋಡಣೆಯ ಆಚೆ, ಒಂದು ಕೈ ಈಚೆ ಹಿಡಿದು, ಒಟ್ಟಿಗೆ ನೆಟ್ಟಗೆ ಎಳೆಯಬೇಕು. ಹೀಗೆ ಹಿಡಿದರೆ ಕೋಲು ಬಾಗುವುದಿಲ್ಲ, ಫಟ್ ಅಂತ ಬಿಟ್ಟಾಗ ಯಾರೂ ಹಿಂದಕ್ಕೆ ಬೀಳುವುದೂ ಇಲ್ಲ. ನಾನೂ ನನ್ನ ಮಗಳೂ ಒಂದನ್ನು ಬಿಡಿಸಲು ಮೂರು ದಿನ ತೆಗೆದುಕೊಂಡೆವು. ಬೆಂಕಿ ಮಾತ್ರ ಬೇಡ, ಹಳೆ ಕೋಲುಗಳ ಅಂಟು ಪ್ರಾಣಿಯ ಚರ್ಮ ಕುದಿಸಿ ಮಾಡಿದ್ದು, ಬಿಸಿಗೂ ನೀರಿಗೂ ಬಿಡುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಧಾರವಾಡದ ಮೇ ತಿಂಗಳ ಬಿಸಿಲಲ್ಲಿ ವಾರ್ನಿಷ್ ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟ ಒಂದು ಕೋಲು ಸಂಜೆ ಹೊತ್ತಿಗೆ ಆರು ಕಡ್ಡಿಯಾಗಿ ನನ್ನ ಮುಂದೆ ಬಿದ್ದಿತ್ತು.

ಜೋಡಣೆ ಬಿಟ್ಟ ಮೇಲೆ ತುಂಡುಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಸ್ವಲ್ಪವೇ ಬಗ್ಗಿಸಿ. ಟಿಕ್ ಅಂದರೆ ಎಲ್ಲೋ ಅಂಟು ಬಿಟ್ಟಿದೆ. ಆ ಸೀಳಿಗೆ ನಿಧಾನ ಗಟ್ಟಿಯಾಗುವ ಎಪಾಕ್ಸಿ ಅಂಟು ತೂರಿಸಿ, ಮೇಲೆ ದಾರ ಬಿಗಿದು ಎರಡು ದಿನ ಬಿಡಿ. ಐದೇ ನಿಮಿಷಕ್ಕೆ ಹಿಡಿಯುತ್ತದಲ್ಲ, ಆ ತರಹದ್ದು ಬೇಡ.

ಕಣ್ಣುಗಳನ್ನು ಕೋಲಿಗೆ ಕಟ್ಟಿದ ಹಳೆ ದಾರ ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಲೈನ್, ಅಂದರೆ ಮೀನು ಹಿಡಿಯುವ ದಾರ, ಹಾಯುವ ಪ್ರತಿ ಕಣ್ಣೂ ತುದಿಯಿಂದ ಎಷ್ಟು ಇಂಚಿಗಿದೆ ಅಂತ ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋನೂ ಇರಲಿ. ಬ್ಲೇಡು ಹಾಕುವುದು ಕಣ್ಣಿನ ಲೋಹದ ಕಾಲಿನ ಮೇಲೆ, ಬಿದಿರಿನ ಮೇಲಲ್ಲ. ಸಿಪ್ಪೆ ಎದ್ದ ವಾರ್ನಿಷ್ ತೆಗೆಯಲು ಉಗುರು, ಇಲ್ಲವೇ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಸಾಕು. ಗಟ್ಟಿಯಾಗಿ ಕೂತಿರುವುದನ್ನು ಸುಮ್ನೆ ಬಿಡಿ. ಬಣ್ಣ ತೆಗೆಯುವ ಕೆಮಿಕಲ್ ಹಚ್ಚಬೇಡಿ.

ದಾರದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಕಸೂತಿ ಹಾಕುವ ಹೆಂಗಸರು ಎಲ್ಲಿ ರೇಷ್ಮೆ ಕೊಳ್ಳುತ್ತಾರೆ ಅಂತ ಕೇಳಿಕೊಂಡು ಅಲ್ಲಿಗೇ ಹೋಗಿ. ಆರೆಳೆಯ ಹತ್ತಿ ದಾರ ದಪ್ಪವಾಯಿತು. ಹುರಿ ಹೊಸೆದ, ಸಣ್ಣಗಿನ ರೇಷ್ಮೆಯ ಒಂದೇ ಎಳೆ ಬೇಕು. ಬಣ್ಣ ನೋಡಿ ಮೋಸ ಹೋಗಬೇಡಿ, ವಾರ್ನಿಷ್ ಕುಡಿದ ಮೇಲೆ ತಿಳಿ ಬಣ್ಣದ ರೇಷ್ಮೆ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ಕೆಂಪು ಗಾಢವಾಗುತ್ತದೆ. ಮೊದಲು ಒಂದು ಪೆನ್ಸಿಲಿಗೆ ಸುತ್ತಿ ವಾರ್ನಿಷ್ ಹಚ್ಚಿ ನೋಡಿ.

ಸುತ್ತುವುದು ಕ್ರಿಕೆಟ್ ಬ್ಯಾಟಿನ ಹಿಡಿಕೆಗೆ ದಾರ ಸುತ್ತಿದ ಹಾಗೇ. ದಾರದ ಉಂಡೆ ಲೋಟದಲ್ಲಿ ಇಟ್ಟು, ದಾರವನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿದರೆ ಬಿಗಿ ತಾನಾಗಿ ಬರುತ್ತದೆ. ನೀವು ದಾರ ತಿರುಗಿಸಬೇಡಿ, ಕೋಲು ತಿರುಗಿಸಿ. ಸುತ್ತಿನ ಪಕ್ಕ ಸುತ್ತು ಒತ್ತಿಕೊಂಡು ಕೂರಬೇಕು. ಕೊನೆಯ ಏಳೆಂಟು ಸುತ್ತಿನ ಕೆಳಗೆ ಬೇರೊಂದು ದಾರದ ಕುಣಿಕೆ ಇಟ್ಟು, ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ಗಂಟೇ ಕಾಣುವುದಿಲ್ಲ. ಮೊದಲ ನಾಲ್ಕು ಕಣ್ಣು ಹೊಲಸಾಗಿ ಬರುತ್ತವೆ, ಬಿಚ್ಚಿ ಮತ್ತೆ ಸುತ್ತಿ. ಬುಡದ ಮೊದಲ ಕಣ್ಣಿನಲ್ಲಿ ಲೈನ್ ಸವೆಸಿದ ಗೀರು ಇದ್ದರೆ ಆ ಕಣ್ಣು ಬದಲಿಸಿ, ಇಲ್ಲದಿದ್ದರೆ ಹೊಸ ಲೈನನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಇನ್ನು ವಾರ್ನಿಷ್. ದೋಣಿ, ಹೊರಬಾಗಿಲಿಗೆ ಹಚ್ಚುವ ಸ್ಪಾರ್ ವಾರ್ನಿಷ್ ತನ್ನಿ. ದಾರದ ಮೇಲೆ ತೆಳ್ಳಗೆ ನಾಲ್ಕು ಸಲ, ಕೋಲಿಗೆಲ್ಲ ಎರಡು ಸಲ, ಪ್ರತಿ ಸಲಕ್ಕೂ ಮಧ್ಯೆ ಕನಿಷ್ಠ ಒಂದು ದಿನ ಒಣಗಲು ಬಿಡಬೇಕು. ಹುಬ್ಬಳ್ಳಿಯ ಧೂಳಿನಲ್ಲಿ ಇದು ಹೇಗೆ ಅಂತ ಕೇಳುತ್ತೀರಿ, ಗೊತ್ತು. ಬಚ್ಚಲುಮನೆ! ನೆಲಕ್ಕೆ ನೀರು ಹಾಕಿ ಧೂಳು ಕೂರಿಸಿ, ಅರ್ಧ ತಾಸು ಬಿಟ್ಟು ಒಳಗೆ ಹೋಗಿ ಹಚ್ಚಿ, ನೇತು ಹಾಕಿ, ಬಾಗಿಲು ಹಾಕಿಕೊಂಡು ಬನ್ನಿ. ಮನೆಯವರಿಗೆ ಮೊದಲೇ ಹೇಳಿರಿ. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ, ಒಣಗುವುದೇ ಇಲ್ಲ.

ಮುರಿದ ತುದಿಗೆ ಹೊಸ ತುದಿಗಣ್ಣು ಕೂರಿಸಿದರೆ ಮುಗಿಯಿತು. ಎರಡು ಇಂಚು ಕಡಿಮೆಯಾದರೆ ಕೋಲು ಒಂಚೂರು ಬಿರುಸಾಗುತ್ತದೆ ಅಷ್ಟೆ, ಸರಿಯಿರುವ ಇನ್ನೊಂದು ತುದಿ ಹೇಗೂ ಇದೆ. ಹಿಡಿಕೆಯ ಕಾರ್ಕಿಗೆ ಪಾತ್ರೆ ತಿಕ್ಕುವ ಸೋಪು, ಹಳೆ ಬ್ರಷ್ಷು. ತೂತು ಬಿದ್ದಲ್ಲಿ ಬಾಟಲಿಯ ಬಿರಡೆ ಉಜ್ಜಿದ ಪುಡಿಯನ್ನು ಮರದ ಅಂಟಿನಲ್ಲಿ ಕಲಸಿ ತುಂಬಿ.

ಪ್ರಶ್ನೆ: ನನ್ನ ಹತ್ತಿರ ಇರುವ ಹಳೆ ಬಿದಿರಿನ ಫ್ಲೈ ಕೋಲಿನ ತುದಿ ಒಂದು ಕಡೆ ಬಾಗಿದೆ. ಬಿಸಿ ಮಾಡಿ ನೆಟ್ಟಗೆ ಮಾಡಬಹುದಾ? ಇದಕ್ಕೆ ಯಾವ ನಂಬರಿನ ಲೈನ್ ಹಾಕಬೇಕು?
— ಓದುಗರು, ಗದಗ

ಉತ್ತರ: ಬಿದಿರು ಕಾಸಿ ನೆಟ್ಟಗೆ ಮಾಡುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಆದರೆ ಲಾಠಿಗೆ ಅಂಟು ಇರುವುದಿಲ್ಲ, ಇದಕ್ಕೆ ಇದೆ. ಬಾಗು ಎರಡು ಬೆರಳಿನಷ್ಟಿದ್ದರೆ ಬಿಟ್ಟುಬಿಡಿ, ಎಸೆಯುವಾಗ ಗೊತ್ತೂ ಆಗುವುದಿಲ್ಲ. ಕಣ್ಣುಗಳನ್ನು ಹೇಗೂ ಹೊಸದಾಗಿ ಕಟ್ಟುತ್ತೀರಾದರೆ ಎದುರು ಮಗ್ಗುಲಿಗೆ ಕಟ್ಟಿ. ಇನ್ನು ಮುಂದೆ ಕೋಲು ಬಾಗುವುದು ಆ ಕಡೆಗೆ, ಹಳೆ ಬಾಗಿಗೆ ವಿರುದ್ಧವಾಗಿ.

ಲೈನಿನ ತೂಕ ನೋಡಿ ನಂಬರ್ ಕೊಡುವ ಪದ್ಧತಿ ಬಂದದ್ದು 1960ರ ಹೊತ್ತಿಗೆ, ಅದಕ್ಕೂ ಮೊದಲು ದಪ್ಪ ನೋಡಿ ಅಕ್ಷರ ಕೊಡುತ್ತಿದ್ದರು. ಹಾಗಾಗಿ ನಿಮ್ಮ ಕೋಲಿನ ಮೇಲೆ ನಂಬರ್ ಇರಲಿಕ್ಕಿಲ್ಲ. ಸ್ನೇಹಿತರಿಂದ 5 ಮತ್ತು 6ರ ಲೈನ್ ಎರವಲು ತಂದು ಹುಲ್ಲಿನ ಮೈದಾನದಲ್ಲಿ ಎಸೆದು ನೋಡಿ. ನಂಬರ್ ಅಳಿಸಿಹೋದ ಲೈನ್ ಸಿಕ್ಕಿದರೆ ಅದರ ಮುಂತುದಿಯ 30 ಅಡಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಸುಮಾರು 9 ಗ್ರಾಂ ಬಂದರೆ 5, ಹತ್ತೂವರೆ ಹತ್ತಿರ ಬಂದರೆ 6. ಈ ಆಟದಲ್ಲಿ ಗಾಳಕ್ಕೆ ತೂಕವೇ ಇಲ್ಲ, ಪುಕ್ಕ-ದಾರದಲ್ಲಿ ಹುಳದ ವೇಷ ಕಟ್ಟಿದ ಕೊಕ್ಕೆ ಅದು, ಲೈನಿನ ಭಾರವೇ ಅದನ್ನು ಹೊತ್ತುಕೊಂಡು ಹೋಗಬೇಕು.

ಪ್ರಶ್ನೆ: ಇಂಥ ಕೋಲು ಹಿಡಿದು ವರದಾ, ತುಂಗಭದ್ರೆಯಲ್ಲಿ ಮೀನು ಹಿಡಿಯಬಹುದೇ, ಇಲ್ಲಾ ಗೋಡೆಗೆ ಹಾಕುವುದೇ?
— ಓದುಗರು, ಹಾವೇರಿ

ಉತ್ತರ: ಈ ಕೋಲುಗಳು ಹುಟ್ಟಿದ್ದು ಟ್ರೌಟ್ ಮೀನಿಗಾಗಿ. ಅದಕ್ಕೆ ತಣ್ಣೀರು ಬೇಕು, ನಮ್ಮ ದೇಶದಲ್ಲಿ ನೀಲಗಿರಿ, ಹಿಮಾಲಯದ ಕಡೆ ಬ್ರಿಟಿಷರು ತಂದು ಬಿಟ್ಟಿದ್ದರು. ವರದೆಯಲ್ಲಿ ಟ್ರೌಟ್ ಕೇಳಿದರೆ ಜನ ನಗುತ್ತಾರೆ. ಆದರೆ ನೀರಿನ ಮೇಲೆ ಬಿದ್ದ ಹುಳ ತಿನ್ನಲು ಬಾಯಿ ಹಾಕುವ ಸಣ್ಣ ಮೀನು ನಮ್ಮಲ್ಲೂ ಬೇಕಾದಷ್ಟಿವೆ, ಗೇಣುದ್ದದ ಮೀನಿಗೆ ಹಳೆ ಬಿದಿರು ಬಾಗುವುದನ್ನು ನೋಡುವುದೇ ಒಂದು ಸುಖ. ದೊಡ್ಡ ಮೀನಿರುವ ಮಡುವಿನಲ್ಲಿ ಮಾತ್ರ ಬೇಡ, ತುದಿ ಹೋಗುತ್ತದೆ. ಕೆರೆಯಾದರೆ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ, ನದಿಯಾದರೆ ಮೀನುಗಾರಿಕೆ ಇಲಾಖೆಯವರನ್ನು. ವನ್ಯಧಾಮದೊಳಗೆ ಹೋಗಲೇಬೇಡಿ.

ಮನೆಗೆ ಬಂದ ಮೇಲೆ ಕೋಲು ಒರೆಸಿ, ಒಂದು ರಾತ್ರಿ ಗಾಳಿಗೆ ಬಿಟ್ಟು, ಆಮೇಲೆ ಬಟ್ಟೆ ಚೀಲಕ್ಕೆ ಹಾಕಿ. ಚೀಲವನ್ನು ಮೂಲೆಗೆ ಒರಗಿಸಿ ನಿಲ್ಲಿಸಬೇಡಿ, ಮೊಳೆಗೆ ನೇತು ಹಾಕಿ. ಗದಗಿನವರ ಕೋಲು ಬಹುಶಃ ಬಾಗಿದ್ದು ಹಾಗೇ.