ಅಮ್ಮನಿಗೆ ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಬರೆದಿದ್ದಾರೆ, ಒಳಗೆ ಏನೇನು ಮಾಡುತ್ತಾರೆ?

ನಿಮ್ಮ ತಾಯಿಗೆ 62 ವರ್ಷ, ಶುಗರ್ ಇದೆ, ಹೊಟ್ಟೆಗೆ ಕಾಂಟ್ರಾಸ್ಟ್ ಸಿಟಿ ಮಾಡಿಸಿ ಅಂತ ಡಾಕ್ಟರು ಬರೆದಿದ್ದಾರೆ, ಅವರು ಹೆದರಿ ಬೇಡವೇ ಬೇಡ ಅನ್ನುತ್ತಿದ್ದಾರೆ ಅಂತ ಕೇಳಿದ್ದೀರಿ. ನಾನು ಸಿಟಿ ವಿಭಾಗದಲ್ಲಿ ಟೆಕ್ನಿಷಿಯನ್. ಒಳಗೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರುವವರು ಎಷ್ಟು ಆರಾಮಾಗಿ ಮಲಗುತ್ತಾರೆ ಅಂತ ದಿನಾ ನೋಡುತ್ತೇನೆ. ಹಾಗಾಗಿ ಇದನ್ನು ಅಮ್ಮನಿಗೆ ಓದಿ ಹೇಳಿ.

ಮೊದಲಿಗೆ, ತುಂಬಾ ಜನ ಸಿಟಿಯನ್ನು ಎಂಆರ್‌ಐ ಅಂದುಕೊಂಡು ಹೆದರುತ್ತಾರೆ. ಉದ್ದನೆಯ ಕೊಳವೆ, ಜೋರು ಸದ್ದು, ಅರ್ಧ ಗಂಟೆ ಅಲುಗಾಡದೆ ಮಲಗುವುದು, ಅದೆಲ್ಲ ಎಂಆರ್‌ಐ. ಸಿಟಿ ಅಂದರೆ ಎಕ್ಸ್-ರೇಯಿಂದ ಮೈಯೊಳಗಿನ ಚಿತ್ರ ತೆಗೆಯುವುದು. ಆ ಯಂತ್ರ ಒಂದು ದೊಡ್ಡ ಉದ್ದಿನ ವಡೆಯನ್ನು ನಿಲ್ಲಿಸಿಟ್ಟ ಹಾಗಿರುತ್ತದೆ. ಆ ತೂತಿನೊಳಗೆ ಮೇಜು ಹಿಂದೆ ಮುಂದೆ ಸರಿಯುತ್ತದೆ. ಎರಡೂ ಕಡೆ ತೆರೆದೇ ಇರುತ್ತದೆ, ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಕಡಿಮೆ. ಮೇಜಿನ ಮೇಲೆ ಇರುವುದು ಹತ್ತು ಹದಿನೈದು ನಿಮಿಷ ಅಷ್ಟೇ.

ಹೋಗುವ ಮೊದಲಿನ ಕೆಲಸವೇ ನಿಮ್ಮ ಅಮ್ಮನ ವಿಷಯದಲ್ಲಿ ಮುಖ್ಯ. ಕಾಂಟ್ರಾಸ್ಟ್ ಅಂದರೆ ಅಯೋಡಿನ್ ಇರುವ ದ್ರವ. ರಕ್ತನಾಳ, ಲಿವರ್, ಗಡ್ಡೆ ಇವೆಲ್ಲ ಬೇರೆ ಬೇರೆಯಾಗಿ ಸ್ಪಷ್ಟ ಕಾಣಲಿ ಅಂತ ಅದನ್ನು ಕೊಡುತ್ತಾರೆ. ಅದು ಮೂತ್ರದಲ್ಲಿ ಹೊರಗೆ ಹೋಗಬೇಕು. ಅದಕ್ಕೇ ಸೀರಮ್ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆಯ ರಿಪೋರ್ಟ್ ಕೇಳುತ್ತಾರೆ. ಶುಗರ್ ಇರುವವರಲ್ಲಿ ಗೊತ್ತಾಗದ ಹಾಗೆ ಕಿಡ್ನಿ ಸೋತಿರಬಹುದು, ಆದ್ದರಿಂದ ಇದನ್ನು ಸುಮ್ನೆ ದುಡ್ಡು ಕೀಳುವ ಟೆಸ್ಟ್ ಅಂದುಕೊಳ್ಳಬೇಡಿ. ಅಮ್ಮ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಖಂಡಿತ ಹೇಳಿ. ಕಿಡ್ನಿ ಚೆನ್ನಾಗಿದ್ದರೆ ಕೆಲವರು ಮುಂದುವರಿಸಿ ಅನ್ನುತ್ತಾರೆ, ಕೆಲವರು ಸ್ಕ್ಯಾನ್ ಆದ ಮೇಲೆ 48 ಗಂಟೆ ನಿಲ್ಲಿಸಿ ಅನ್ನುತ್ತಾರೆ. ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ನಾಲ್ಕು ಗಂಟೆಯಷ್ಟು ಹೊತ್ತು ಏನೂ ತಿನ್ನಬೇಡಿ ಅನ್ನುತ್ತಾರೆ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕಾದು ಕೂತರೆ ತಲೆ ಸುತ್ತಿ ಬೀಳುವ ಅಪಾಯವಿದೆ. ಬೆಳಗಿನ ಮೊದಲ ಸ್ಲಾಟ್ ಕೇಳಿ. ಮಾತ್ರೆ, ಇನ್ಸುಲಿನ್ ಯಾವಾಗ ಅನ್ನುವುದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್ ಕೊಟ್ಟಾಗ ಮೈ ಕೆರೆತ, ದದ್ದು, ಉಸಿರಾಟದ ತೊಂದರೆ ಆಗಿತ್ತಾ? ಅಸ್ತಮಾ, ಥೈರಾಯ್ಡ್ ತೊಂದರೆ ಇದೆಯಾ? ಇವನ್ನು ಮುಚ್ಚಿಡಬೇಡಿ. ಮೀನು, ಸೀಗಡಿ ಅಲರ್ಜಿ ಇದ್ದವರಿಗೆ ಕಾಂಟ್ರಾಸ್ಟ್ ಆಗುವುದೇ ಇಲ್ಲ ಅನ್ನುವ ಮಾತು ಮಾತ್ರ ತಪ್ಪು.

ಅಲ್ಲಿ ಹೋದ ಮೇಲೆ ಹೊಟ್ಟೆ, ಕರುಳು ಚೆನ್ನಾಗಿ ಕಾಣಲಿ ಅಂತ ನೀರನ್ನೋ ಔಷಧಿ ಕಲಸಿದ ನೀರನ್ನೋ ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು. ಹಾಗಿದ್ದರೆ ಒಂದು ಗಂಟೆ ಅದಕ್ಕೇ ಹೋಗುತ್ತದೆ. ಆಮೇಲೆ ಕೈಗೆ ಸೂಜಿ ಚುಚ್ಚಿ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕುತ್ತಾರೆ. ಸೀರೆಯ ಪಿನ್ನು, ಉಡಿದಾರ, ಹೊಟ್ಟೆಯ ಹತ್ತಿರ ಲೋಹದ್ದು ಏನಿದ್ದರೂ ತೆಗೆಯಬೇಕು. ತಾಳಿ ತೆಗೆಯಲು ಅಮ್ಮನಿಗೆ ಕಷ್ಟವಾದರೆ ಕೇಳಿ ನೋಡಿ. ಹೊಟ್ಟೆಯ ಸ್ಕ್ಯಾನ್‌ಗೆ ಅದನ್ನು ಕುತ್ತಿಗೆಯ ಕಡೆಗೆ ಸರಿಸಿಕೊಂಡರೆ ಬಹಳ ಸಲ ಸಾಕಾಗುತ್ತದೆ.

ಇನ್ನು ಇಂಜೆಕ್ಷನ್. ಜನ ಗಾಬರಿಯಾಗುವುದು ಇಲ್ಲೇ. ಒಂದು ಪಂಪ್ ಸುಮಾರು 80ರಿಂದ 100 ಮಿಲಿ ಕಾಂಟ್ರಾಸ್ಟನ್ನು ಅರ್ಧ ನಿಮಿಷದ ಆಸುಪಾಸಿನಲ್ಲಿ ರಕ್ತಕ್ಕೆ ಸೇರಿಸುತ್ತದೆ. ಗಂಟಲಿನಿಂದ ಶುರುವಾಗಿ ಎದೆ, ಹೊಟ್ಟೆ, ಕೆಳಗಿನವರೆಗೂ ಬಿಸಿ ಇಳಿಯುತ್ತದೆ. ಬಾಯಿಗೆ ಲೋಹ ನೆಕ್ಕಿದಂಥ ರುಚಿ ಬರಬಹುದು. ಮೂತ್ರ ಹೋಗಿಬಿಟ್ಟಿತು ಅಂತಲೇ ಅನ್ನಿಸುತ್ತದೆ. ಹೋಗಿರುವುದಿಲ್ಲ! ಎಷ್ಟೋ ಹೆಂಗಸರು ನಾಚಿಕೆಯಿಂದ ಮೈ ಬಿಗಿ ಹಿಡಿದು ಅಲುಗಾಡಿಬಿಡುತ್ತಾರೆ, ಚಿತ್ರ ಕೆಡುತ್ತದೆ. ಒಂದೆರಡು ನಿಮಿಷದಲ್ಲಿ ಆ ಬಿಸಿ ತಾನೇ ಹೋಗುತ್ತದೆ. ಆದರೆ ಸೂಜಿ ಹಾಕಿದ ಜಾಗ ಊದಿಕೊಂಡು ನೋವಾದರೆ, ಮೈ ಕೆರೆದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಕೂಗಿ ಹೇಳಬೇಕು. ನಾವು ಗಾಜಿನಾಚೆ ನೋಡುತ್ತಿರುತ್ತೇವೆ, ಮೈಕಿನಲ್ಲಿ ಮಾತು ಕೇಳಿಸುತ್ತದೆ.

ಅಮ್ಮ ಮಾಡಬೇಕಾದ ಕೆಲಸ ಒಂದೇ, ಉಸಿರು ಹಿಡಿಯುವುದು. ಹತ್ತು ಸೆಕೆಂಡಿನಷ್ಟು, ಒಂದೆರಡು ಸಲ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿಟಿ ಮಾಡಿದಾಗ ತಲೆಯ ಚಿತ್ರಗಳಿಗೇ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಈಗ ಇಡೀ ಹೊಟ್ಟೆ ಒಂದೇ ಉಸಿರಿಗೆ ಮುಗಿಯುತ್ತದೆ. ಮನೆಯಲ್ಲೇ ಮಲಗಿಸಿ, ಸ್ಕ್ಯಾನಿನಲ್ಲಿ ಮಾಡಿಸುವ ಹಾಗೆ ಕೈಗಳನ್ನು ತಲೆಯ ಮೇಲಕ್ಕೆ ಚಾಚಿಸಿ ಎರಡು ಸಲ ಅಭ್ಯಾಸ ಮಾಡಿಸಿ. ಭುಜ ನೋವಿದ್ದರೆ ಮೊದಲೇ ತಿಳಿಸಿ, ದಿಂಬು ಕೊಡುತ್ತೇವೆ.

ವಿಕಿರಣದ ಬಗ್ಗೆಯೂ ಕೇಳಿದ್ದೀರಿ. ಹೊಟ್ಟೆಯ ಒಂದು ಸಿಟಿಯಲ್ಲಿ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಎರಡು ಮೂರು ಹಂತದಲ್ಲಿ ತೆಗೆದರೆ ಇನ್ನೂ ಜಾಸ್ತಿ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4ರಷ್ಟು ಹೇಗೂ ಬೀಳುತ್ತದೆ. ಕಾರಣವಿಲ್ಲದೆ ಮತ್ತೆ ಮತ್ತೆ ಮಾಡಿಸಬಾರದು, ನಿಜ. ಆದರೆ ಈ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಗದೆ ಉಳಿಯುವುದೇ ದೊಡ್ಡ ಅಪಾಯ. ಸ್ಕ್ಯಾನ್ ಮುಗಿದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಅವತ್ತೇ ಎತ್ತಿಕೊಳ್ಳಬಹುದು.

ಆದ ಮೇಲೆ ಅರ್ಧ ಗಂಟೆ ಕೂರಿಸಿ, ಆಮೇಲೆ ಕ್ಯಾನುಲಾ ತೆಗೆದು ಕಳಿಸುತ್ತಾರೆ. ಡಾಕ್ಟರು ನೀರು ಕಡಿಮೆ ಕುಡಿಯಿರಿ ಅಂತ ಹೇಳಿರದಿದ್ದರೆ ಚೆನ್ನಾಗಿ ನೀರು ಕುಡಿಸಿ. ರಿಪೋರ್ಟನ್ನು ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರ ನೋಡಿ ಹೇಳುವ ಡಾಕ್ಟರು) ಬರೆಯಬೇಕು, ಟೆಕ್ನಿಷಿಯನ್ ಹತ್ತಿರ "ಏನಾದ್ರೂ ಕಾಣ್ತಾ?" ಅಂತ ಕೇಳಿದರೆ ನಾವು ಹೇಳುವ ಹಾಗಿಲ್ಲ. ಹಳೆಯ ಸ್ಕ್ಯಾನಿನ ಸಿಡಿ, ಫಿಲ್ಮ್ ಏನಿದ್ದರೂ ಜೊತೆಗೆ ತನ್ನಿ. ಹೊಸದರ ಪಕ್ಕ ಇಟ್ಟು ನೋಡಿದರೆ ಅವರಿಗೆ ಎಷ್ಟೋ ವಿಷಯ ತಿಳಿಯುತ್ತದೆ.