ಮಂಡಿಯ ಬಣ್ಣ ಮಾಸಿದರೆ ಜಾತಿ ಬೇರೆಯೇ?

ಪ್ರಶ್ನೆ: ಮೆಕ್ಸಿಕನ್ ರೆಡ್ ನೀ ಅಂತ ಹೇಳಿ ಕೊಟ್ಟ ಟ್ಯಾರಂಟುಲಾ (ಮೈತುಂಬ ಕೂದಲಿರೋ ದೊಡ್ಡ ಜೇಡ) ಸಾಕೀನ್ರಿ. ಮಂಡಿಯ ಕಿತ್ತಳೆ ಬಣ್ಣ ಮಾಸಿ ಕಂದಾಗ್ಯಾದ, ಹೊಟ್ಟಿ ಮ್ಯಾಲಿನ ಬೋಳು ಜಾಗ ಕಪ್ಪಾಗ್ಯಾದ. ತಿನ್ನೋದೂ ಬಿಟ್ಟದ. ಬೇರೆ ಜಾತಿ ಕೊಟ್ಟಾರೇನು?
– ಓದುಗರು, ಕಲಬುರಗಿ

ಉತ್ತರ: ನೀವು ಹೇಳಿದ ಮೂರೂ ಪೊರೆ ಕಳಚುವ ಮುನ್ಸೂಚನೆಗಳು. ಹಳೆ ಪೊರೆಯಡಿ ಹೊಸ ಕೂದಲು ಬೆಳೆದಾಗ ಬೋಳು ಜಾಗ ಕಪ್ಪಾಗಿ ಕಾಣುತ್ತದೆ. ಡಬ್ಬಿಯಲ್ಲಿರುವ ಹುಳುಗಳನ್ನು ಇಂದೇ ತೆಗೆಯಿರಿ. ಪೊರೆ ಕಳಚಲು ಬೆನ್ನಡಿಯಾಗಿ ಮಲಗಿದ ಜೇಡವನ್ನು ಜಿರಳೆ, ಮಿಡತೆ ಕಚ್ಚುತ್ತವೆ. ಸತ್ತಿತೆಂದು ತಿರುಗಿಸಬೇಡಿ. ನಮ್ಮ ಬಿಸಿಲಿಗೆ ನೀರಿನ ತಟ್ಟೆ ಬೇಗ ಒಣಗುತ್ತದೆ, ದಿನವೂ ತುಂಬಿಸಿ. ಪೊರೆ ಕಳಚಿದ ನಂತರ ಕೋರೆಹಲ್ಲು ಬಿಳಿಯಿಂದ ಕೆಂಪಾಗಿ, ಕಪ್ಪಾದ ಮೇಲಷ್ಟೇ ಆಹಾರ ಕೊಡಿ.

ಜಾತಿ ನೋಡುವುದು ಆಮೇಲೆ, ಹೊಸ ಬಣ್ಣ ನಿಚ್ಚಳವಾಗಿರುವಾಗ. ಹಗಲು ಬೆಳಕಲ್ಲಿ ಮುಂದಿನಿಂದ, ಮೇಲಿನಿಂದ ಫೋಟೊ ತೆಗೆಯಿರಿ. ಹಳದಿ ಬಲ್ಬಿನಡಿ ಎಲ್ಲವೂ ಕಿತ್ತಳೆಯೇ. ತಲೆಭಾಗದ ಮೇಲೆ ಕಪ್ಪು ತ್ರಿಕೋನವಿದ್ದರೆ ಅದು ಬ್ರಾಕಿಪೆಲ್ಮಾ ಎಮಿಲಿಯಾ ಎಂಬ ಬೇರೆ ಜಾತಿ. ಅದೇ ಕುಲದ ಹಮೋರಿ, ಸ್ಮಿಥಿ ಎಂಬ ಎರಡೂ ಜಾತಿ ರೆಡ್ ನೀ ಹೆಸರಲ್ಲೇ ಮಾರಾಟವಾಗುತ್ತವೆ. ಕೋರೆಹಲ್ಲಿನ ಬುಡದ ದಪ್ಪ ಭಾಗದ ಮೇಲೆ ಎರಡು ಗುಲಾಬಿಗಂದು ಪಟ್ಟಿಗಳಿದ್ದರೆ ಹಮೋರಿ, ಒಂದೇ ಇದ್ದರೆ ಸ್ಮಿಥಿ. ಮರಿಗಳಲ್ಲಿ ಈ ಗುರುತು ನಂಬಬೇಡಿ.

ಕಳಚಿದ ಪೊರೆ ಎಸೆಯಬೇಡಿ, ಗಂಡೋ ಹೆಣ್ಣೋ ಎಂದು ಅದರಲ್ಲೇ ತಿಳಿಯುತ್ತದೆ. ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿದ ನೀರಲ್ಲಿ ನೆನೆಸಿ ಬಿಡಿಸಿದರೆ, ಹೊಟ್ಟೆಯ ಒಳಬದಿಯಲ್ಲಿ ಮುಂದಿನ ಎರಡು ಪುಸ್ತಕ ಶ್ವಾಸಕೋಶಗಳ (ಹಾಳೆಗಳಂತೆ ಜೋಡಿಸಿದ ಉಸಿರಾಟದ ಅಂಗ) ನಡುವೆ ಹೆಣ್ಣಿಗೆ ಚಿಕ್ಕ ಚೀಲದಂಥ ಮಡಿಕೆ ಕಾಣುತ್ತದೆ. ಕೈಗವಸು ಹಾಕಿಕೊಳ್ಳಿ, ಪೊರೆಯ ಕೂದಲೂ ತುರಿಸುತ್ತದೆ. ಬ್ರಾಕಿಪೆಲ್ಮಾ ಕುಲವೆಲ್ಲ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಜೇಡದ ನೋಂದಣಿ ಮಾಡಿಸಲೇಬೇಕು.