ಯಾವ ಪ್ರೋಬಯೋಟಿಕ್ ಎಂದು ಹುಡುಕುವುದನ್ನು ಬಿಡಿ, ಭೇದಿಯಾದರೆ ಡಾಕ್ಟರಿಗೆ ಹೇಳಿ

ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್, ಇಮ್ಯುನೋಥೆರಪಿ ಶುರುವಾಗಿದೆ, ಕರುಳಿನ ಬ್ಯಾಕ್ಟೀರಿಯಾಕ್ಕೆ ಯಾವ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್) ಕೊಡಲಿ ಎಂದು ಕೇಳಿದ್ದೀರಿ. ಅಪ್ಪನಿಗಾಗಿ ನಾನೂ ಇದನ್ನೇ ಹುಡುಕಿದ್ದೆ. ನಿಮ್ಮಷ್ಟಕ್ಕೆ ನೀವೇ ಯಾವುದನ್ನೂ ಕೊಡಬೇಡಿ.

ಅಪ್ಪನಿಗೆ ಕೊಡುತ್ತಿದ್ದದ್ದೂ ಇಮ್ಯುನೋಥೆರಪಿಯೇ, ಪಿಡಿ-1 ಎಂಬ, ರೋಗನಿರೋಧಕ ಕಣಗಳ ಬ್ರೇಕನ್ನು ತಡೆಯುವ ಔಷಧಿ. ಮೊದಲ ಡೋಸ್ ಆದಮೇಲೆ ನಾನು ಓದುತ್ತಾ ಕೂತೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫ್ರಾನ್ಸಿನ ಅಧ್ಯಯನವೊಂದು ಸಿಕ್ಕಿತು. ಇಂಥ ಔಷಧಿ ಪಡೆದ 249 ರೋಗಿಗಳಲ್ಲಿ 69 ಮಂದಿ ಚಿಕಿತ್ಸೆಯ ಆಸುಪಾಸಿನಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರು. ಒಟ್ಟಾರೆ ನೋಡಿದರೆ ಅವರು ಉಳಿದವರಷ್ಟು ಕಾಲ ಬದುಕಲಿಲ್ಲ. ಔಷಧಿ ಹಿಡಿದವರ, ಅಂದರೆ ಅದು ಕೆಲಸ ಮಾಡಿದವರ ಮಲದಲ್ಲಿ ಅಕ್ಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚು ಕಂಡಿತು. ಔಷಧಿ ಹಿಡಿಯದವರ ಮಲವನ್ನು ಇಲಿಗಳಿಗೆ ಸೇರಿಸಿದಾಗ ಅವಕ್ಕೂ ಔಷಧಿ ಹಿಡಿಯಲಿಲ್ಲ. ಅಕ್ಕರ್ಮಾನ್ಸಿಯಾ ಕೊಟ್ಟ ಮೇಲೆ ಹಿಡಿಯಿತು. ಇಷ್ಟು ಓದಿದ ಮೇಲೆ ಸುಮ್ನೆ ಕೂರೋಕಾಗುತ್ತಾ? ಕ್ಯಾಪ್ಸೂಲ್ ತಂದೇಬಿಟ್ಟೆ. ಅದರಲ್ಲಿ ಇದ್ದದ್ದು ಲ್ಯಾಕ್ಟೋಬ್ಯಾಸಿಲಸ್, ಅಕ್ಕರ್ಮಾನ್ಸಿಯಾ ಅಲ್ಲವೇ ಅಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಒಂದೇ ಅಂದುಕೊಂಡಿದ್ದೆ.

ಆದರೆ ನಮಗೆ ದುಬಾರಿಯಾಗಿದ್ದು ಕ್ಯಾಪ್ಸೂಲ್ ಅಲ್ಲ. ಅಪ್ಪನಿಗೆ ಭೇದಿ ಶುರುವಾಯಿತು. ಹೊಸ ಬ್ಯಾಕ್ಟೀರಿಯಾ ಹೊಂದಿಕೊಳ್ಳುತ್ತಿದೆ, ಮೊದಮೊದಲು ಹೀಗೇ ಎಂದೆ. ಅವರೂ ನಂಬಿದರು. ಭೇದಿ ಕಟ್ಟುವ ಮಾತ್ರೆ ಕೊಟ್ಟೆ, ಕಡಿಮೆಯಾದ ಹಾಗೆ ಕಂಡಿತು. ಮುಂದಿನ ಡೋಸ್‌ಗೆ ಹೋದಾಗ ಡಾಕ್ಟರು "ಹೊಟ್ಟೆ ಹೇಗಿದೆ?" ಎಂದು ಅಪ್ಪನನ್ನು ಕೇಳಿದರೆ, "ಸ್ವಲ್ಪ ಸಡಿಲ, ಅಷ್ಟೇ" ಎಂದು ನಡುವೆ ಬಾಯಿ ಹಾಕಿದವನು ನಾನು. ಕ್ಯಾಪ್ಸೂಲ್ ವಿಷಯ ಗೊತ್ತಾದರೆ ಬೈಯುತ್ತಾರೆ ಅನ್ನುವುದಕ್ಕಿಂತ, ಡೋಸ್ ಮುಂದಕ್ಕೆ ಹಾಕಿಬಿಟ್ಟರೆ ಅನ್ನೋ ಭಯವೇ ಜಾಸ್ತಿ. ಡೋಸ್ ಕೊಟ್ಟರು.

ಅದು ಕೊಲೈಟಿಸ್, ದೊಡ್ಡ ಕರುಳಿನ ಉರಿಯೂತ. ಈ ಔಷಧಿಗಳು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ, ನಮ್ಮ ರೋಗನಿರೋಧಕ ಕಣಗಳ ಬ್ರೇಕ್ ತೆಗೆಯುತ್ತವೆ. ಕೆಲವರಲ್ಲಿ ಆ ಕಣಗಳು ಕರುಳಿನ ಒಳಪದರದ ಮೇಲೇ ಬೀಳುತ್ತವೆ. ಬೇಗ ಹಿಡಿದರೆ ಡೋಸ್ ತಡೆದು, ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರಬಹುದು. ಬಿಟ್ಟರೆ ಕರುಳು ತೂತಾಗುವ ಮಟ್ಟಕ್ಕೂ ಹೋದೀತು. ಡಾಕ್ಟರುಗಳು ಎಣಿಸುವ ರೀತಿ ಸರಳ. ಮಾಮೂಲಿಗಿಂತ ದಿನಕ್ಕೆ 4ರಿಂದ 6 ಸಲ ಜಾಸ್ತಿಯಾದರೆ ಭೇದಿಯ ತೀವ್ರತೆಯಲ್ಲಿ ಎರಡನೇ ಹಂತ, 7 ಅಥವಾ ಅದಕ್ಕಿಂತ ಜಾಸ್ತಿಯಾದರೆ ಮೂರನೆಯದು. ನಾನು ಕೊಟ್ಟ ಮಾತ್ರೆ ಈ ಲೆಕ್ಕವನ್ನೇ ಮುಚ್ಚಿಹಾಕಿತ್ತು. ಮಲದಲ್ಲಿ ರಕ್ತ ಕಂಡಾಗ ಆಸ್ಪತ್ರೆಗೆ ಓಡಿದೆವು. ಕರುಳು ಸುಧಾರಿಸಿತು. ಆದರೆ ಆ ಔಷಧಿ ಮತ್ತೆ ಕೊಡೋ ಹಾಗಿಲ್ಲ ಎಂದರು. ಸ್ಕ್ಯಾನ್‌ನಲ್ಲಿ ಗೆಡ್ಡೆ ಕುಗ್ಗುತ್ತಿತ್ತು, ಅಂಥ ಹೊತ್ತಿನಲ್ಲಿ ಕೀಮೋಗೆ ಬದಲಾಯಿಸಬೇಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಬ್ಯಾಕ್ಟೀರಿಯಾಕ್ಕೂ ಔಷಧಿಗೂ ನಂಟಿರುವುದು ನಿಜ. ಅದನ್ನು ಅಂಗಡಿಯ ಡಬ್ಬಿಯಿಂದ ಸರಿಮಾಡಬಹುದು ಅನ್ನುವುದು ಬೇರೆ ಮಾತು. 2022ರಲ್ಲಿ 'ನೇಚರ್ ಮೆಡಿಸಿನ್'ನಲ್ಲಿ ಬಂದ, ಶ್ವಾಸಕೋಶದ ಕ್ಯಾನ್ಸರಿನ 338 ಮಂದಿಯ ಅಧ್ಯಯನದಲ್ಲಿ ಅಕ್ಕರ್ಮಾನ್ಸಿಯಾ ಇದ್ದವರಿಗೆ ಚಿಕಿತ್ಸೆ ಚೆನ್ನಾಗಿ ಹಿಡಿದಿತ್ತು. ಆದರೆ ಅದು ಅತಿಯಾಗಿದ್ದವರ ಗತಿ ಚೆನ್ನಾಗಿರಲಿಲ್ಲ! 2021ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ರೋಗಿಗಳನ್ನು ನೋಡಿದಾಗ, ನಾರಿನಂಶ ಸಾಕಷ್ಟು ತಿಂದು ಪ್ರೋಬಯೋಟಿಕ್ ತೆಗೆದುಕೊಳ್ಳದವರೇ ಎಲ್ಲರಿಗಿಂತ ಚೆನ್ನಾಗಿದ್ದರು. ಶ್ವಾಸಕೋಶಕ್ಕೂ ಇದೇ ಅನ್ವಯ ಎನ್ನುವುದಿಲ್ಲ, ಆದರೆ ನನ್ನ ಕೈ ಕಟ್ಟಲು ಅಷ್ಟು ಸಾಕಿತ್ತು. ಕಾಳು, ತರಕಾರಿ, ಹಣ್ಣು ಅಮ್ಮನಿಗೆ ಒಗ್ಗುವಷ್ಟು ಕೊಡಿ. ಭೇದಿ ಇರುವಾಗ ಮಾತ್ರ ನಾರಿನ ಊಟವನ್ನೂ ಡಾಕ್ಟರನ್ನು ಕೇಳಿಯೇ ಕೊಡಿ.

ಆ್ಯಂಟಿಬಯೋಟಿಕ್ ಸುದ್ದಿ ಓದಿ ಹೆದರಿ ಅದನ್ನು ನಿಲ್ಲಿಸಲು ಹೋಗಬೇಡಿ. ಆ್ಯಂಟಿಬಯೋಟಿಕ್ ಬೇಕಾಗುವವರು ಮೊದಲೇ ಹೆಚ್ಚು ಸೊರಗಿದವರಾಗಿರಬಹುದು, ಆ ಲೆಕ್ಕದಲ್ಲಿ ಅದೂ ಸೇರಿರುತ್ತದೆ. ನ್ಯುಮೋನಿಯಾ ಬಂದರೆ ಕೊಡಲೇಬೇಕು. ಸಣ್ಣ ನೆಗಡಿಗೆಲ್ಲ ಮನೆಯಲ್ಲಿ ಉಳಿದಿರುವ ಮಾತ್ರೆ ನುಂಗಿಸಬೇಡಿ, ಅಷ್ಟೇ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ ಬಹಳ ದಿನದಿಂದ ನಡೆಯುತ್ತಿದ್ದರೆ, ಅದು ಈಗಲೂ ಬೇಕಾ ಎಂದು ಕೇಳಿ. ಅದೂ ಕರುಳಿನ ಬ್ಯಾಕ್ಟೀರಿಯಾವನ್ನು ಬದಲಾಯಿಸುತ್ತದೆ.

ಈಗಾಗಲೇ ಏನಾದರೂ ಕೊಡುತ್ತಿದ್ದರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಅಮ್ಮ ದಿನಕ್ಕೆ ಎಷ್ಟು ಸಲ ಹೋಗುತ್ತಾರೆ ಎಂದು ಇವತ್ತಿನಿಂದಲೇ ಬರೆದಿಡಿ, ಮಾಮೂಲಿ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಜಾಸ್ತಿಯಾಗಿದ್ದು ತಿಳಿಯುವುದಿಲ್ಲ. ರಾತ್ರಿ ಹೊತ್ತು ಬೇರೆ ಡಾಕ್ಟರ ಹತ್ತಿರ ಓಡಬೇಕಾದರೆ ಮೊದಲು "ಇಮ್ಯುನೋಥೆರಪಿ ಆಗಿದೆ" ಎನ್ನಿ, ಭೇದಿಯ ಮಾತು ಆಮೇಲೆ. ಚಿಕಿತ್ಸೆ ನಿಂತು ತಿಂಗಳುಗಳಾದ ಮೇಲೂ ಈ ಕೊಲೈಟಿಸ್ ಬರಬಹುದು, ಆಗಲೂ ಹಾಗೇ ಹೇಳಿ.